ಬೀಲ್ ಗೆಲುವು ಅದೃಷ್ಟದ್ದಲ್ಲ

ದೇಶ ದೇಶಗಳ ನಡುವಿನ ಟೆನಿಸ್ ಪಂದ್ಯಾವಳಿ ಡೇವಿಸ್ ಕಪ್‌ನಲ್ಲಿ, 2025ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡನ್ನು ಅವರದೇ ಊರಾದ ಬೀಲ್‌ನಲ್ಲಿ ಭಾರತ 3-1ರಿಂದ ಸೋಲಿಸಿದ್ದು ಅದೃಷ್ಟ ಎಂದು ಲೇಖನವೊಂದರಲ್ಲಿದೆ. ಒಪ್ಪಲಾರೆ. 1993ರಲ್ಲಿ ಫ್ರಾನ್ಸ್ ವಿರುದ್ಧ ಗೆದ್ದ ಮೇಲೆ ಯುರೋಪಿನ ತಂಡವೊಂದನ್ನು ಅವರ ನೆಲದಲ್ಲೇ ನಾವು ಮಣಿಸಿದ್ದು ಅದೇ ಮೊದಲು.

ಮೊದಲ ಪಂದ್ಯವೇ ನಿರ್ಣಾಯಕ. ರ‍್ಯಾಂಕಿಂಗ್‌ನಲ್ಲಿ 600ರ ಆಚೆಗಿದ್ದ ದಕ್ಷಿಣೇಶ್ವರ್ ಸುರೇಶ್‌ನನ್ನು ಜೆರೋಮ್ ಕಿಮ್ ಎದುರು ಇಳಿಸಿದ್ದು ದೊಡ್ಡ ಧೈರ್ಯ, ಆದರೆ ಲೆಕ್ಕಾಚಾರದ ಧೈರ್ಯ. ಒಳಾಂಗಣ ಹಾರ್ಡ್ ಕೋರ್ಟಿನಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ. ಸರ್ವ್‌ಗೆ ಎಸೆದ ಚೆಂಡು ಅಲುಗುವುದಿಲ್ಲ. ಎತ್ತರದ ಹುಡುಗನ ಸರ್ವ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಡೇವಿಸ್ ಕಪ್‌ನಲ್ಲಿ 2019ರಿಂದ ಐದು ಸೆಟ್‌ಗಳ ಪಂದ್ಯ ಹೋಗಿ ಮೂರು ಸೆಟ್‌ಗಳದ್ದು ಬಂದಿರುವುದೂ ಇಂಥವರಿಗೇ ಅನುಕೂಲ: ಒಂದು ಟೈಬ್ರೇಕ್ (6-6ರಲ್ಲಿ ಸಮವಾದ ಸೆಟ್ಟನ್ನು ತೀರ್ಮಾನಿಸುವ ಆಟ) ಗೆದ್ದರೆ ಅರ್ಧ ಪಂದ್ಯ ಕೈಯಲ್ಲಿ. ಆಗಿದ್ದೂ ಹಾಗೆಯೇ, 7-6, 6-3. ಪಂದ್ಯಕ್ಕೊಂದರಂತೆ ಉಳಿದೆರಡು ಅಂಕ ಸುಮಿತ್ ನಾಗಲ್ ತಂದರು.

ಕೊರಗು ಇರುವುದು ಡಬಲ್ಸ್‌ನಲ್ಲಿ. ಪೇಸ್, ಭೂಪತಿ ಕಾಲದಲ್ಲಿ ಅದು ಖಾತ್ರಿ ಅಂಕ. ಬೀಲ್‌ನಲ್ಲಿ ಸೋತಿದ್ದು ಅದೊಂದೇ.

ದಾವಣಗೆರೆಯ ಕೋರ್ಟುಗಳಲ್ಲಿ ಕಲಿಸುವವರಿಗೆ ಒಂದು ಮಾತು. ಮೊದಲ ಸರ್ವ್ ತಪ್ಪಿದ ಮೇಲೆ ಸಿಗುವ ಎರಡನೇ ಸರ್ವನ್ನು ಮಕ್ಕಳು ಹೆದರಿ ಮೆಲ್ಲಗೆ ತಳ್ಳುತ್ತಾರೆ, ಎದುರಾಳಿ ಮುಂದೆ ಬಂದು ಬಾರಿಸುತ್ತಾನೆ. ರ‍್ಯಾಕೆಟ್ ವೇಗ ತಗ್ಗಿಸದೆ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ತಿರುಗಿಸುವುದನ್ನು ರೂಢಿ ಮಾಡಿಸಿ. ಗುರಿ ನಡುಗೆರೆಯ ಕಡೆಗಿರಲಿ. ಏಕೆಂದರೆ ನೆಟ್‌ನ ಎತ್ತರ ಕಂಬದ ಬಳಿ ಮೂರೂವರೆ ಅಡಿ, ನಡುವೆ ಮೂರೇ ಅಡಿ.