ಗುಣವಾದ ಮೇಲೆಯೇ ಕೆಲಸವೆಂಬುದು ಸರಿಯಲ್ಲ: ಒಂದು ಸ್ಪಷ್ಟನೆ
ಮಾನಸಿಕ ಕಾಯಿಲೆಯ ಕಾರಣಕ್ಕೆ ಕೆಲಸ ಕಳೆದುಕೊಂಡವರು ಪೂರ್ತಿ ಗುಣವಾಗುವವರೆಗೆ ಬೇರೆ ಕೆಲಸ ಹುಡುಕಲೇಬಾರದು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ತಪ್ಪು. ತೀವ್ರ ಕಾಯಿಲೆಯುಳ್ಳವರಿಗೂ ಉದ್ಯೋಗ ಪಡೆಯಲು ಮತ್ತು ಉಳಿಸಿಕೊಳ್ಳಲು ನೆರವು ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಶಿಫಾರಸು ಮಾಡುತ್ತದೆ. ಮೊದಲು ದೀರ್ಘ ತರಬೇತಿ, ಆಮೇಲೆ ಕೆಲಸ ಎಂಬ ಕ್ರಮಕ್ಕಿಂತ, ಬೇಗನೆ ನಿಜವಾದ ಕೆಲಸಕ್ಕೆ ಸೇರಿಸಿ ಚಿಕಿತ್ಸೆಯ ಜೊತೆಗೇ ಬೆಂಬಲ ಮುಂದುವರಿಸುವ ಪದ್ಧತಿ ಹೆಚ್ಚು ಜನರನ್ನು ಉದ್ಯೋಗಕ್ಕೆ ತಲುಪಿಸಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಬೆಂಬಲವೆಂದರೆ ಭಾರೀ ಖರ್ಚಿನ ಮಾತೇನಲ್ಲ: ರಾತ್ರಿ ನುಂಗಿದ ಮಾತ್ರೆಯ ಮಂಪರು ಇಳಿಯುವಷ್ಟು ತಡವಾಗಿ ಆರಂಭವಾಗುವ ಪಾಳಿ, ಬಾಯಿಮಾತಿನ ಬದಲು ಬರೆದುಕೊಟ್ಟ ಸೂಚನೆ. ಮರಳುವ ಸಮಯವನ್ನು ವೈದ್ಯರೊಡನೆ ಚರ್ಚಿಸಿ ನಿರ್ಧರಿಸುವುದು ಒಳ್ಳೆಯದು, ಅಷ್ಟರಮಟ್ಟಿಗೆ ಸಂದೇಶದ ಎಚ್ಚರಿಕೆ ಸರಿ. ಆದರೆ ಕಾಯಿಲೆ ಮರುಕಳಿಸುವ ಅಪಾಯದ ಬಗ್ಗೆ ಹೇಳುವುದಾದರೆ, ಸಹೋದ್ಯೋಗಿಗಳ ಪಿಸುಮಾತಿಗೆ ಅಂಜಿ ಮಾತ್ರೆಯನ್ನೇ ನಿಲ್ಲಿಸಿಬಿಡುವುದನ್ನು ಮೊದಲು ಹೇಳಬೇಕಿತ್ತು.