ಹಾಲೂ ಉಕ್ಕಿತು, ರಾಜನ ಜೋಡಿಯೂ ಹೋಯಿತು

ಶುಕ್ರವಾರ ರಾತ್ರಿ ಒಂಬತ್ತಕ್ಕೆ ನಾವು ಆರು ಜನ ಫೋನಿನಲ್ಲಿ ಪೋಕರ್ ಆಡುತ್ತೇವೆ. ಐದು ಜನ ಕಸಿನ್ಸು, ಒಬ್ಬರು ಭಾವ. ದುಡ್ಡಿಲ್ಲ, ಬಿಟ್ಟಿ ಚಿಪ್ಸು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಿ ನಿಲ್ಲಿಸಿತಲ್ಲ, ಅದಕ್ಕೆ ಮುಂಚೆಯೂ ನಮ್ಮದು ಬಿಟ್ಟಿಯೇ, ಯಾಕಂದ್ರೆ ನಮ್ಮಲ್ಲಿ ಸೋತ ದುಡ್ಡು ಕೊಡುವ ಪೈಕಿ ಯಾರೂ ಇಲ್ಲ. ಆದರೆ ಶಿಕ್ಷೆ ಇದೆ. ಮೊದಲು ಔಟಾದವರು ಭಾನುವಾರ ದೊಡ್ಡಪ್ಪನಿಗೆ ಫೋನ್ ಮಾಡಿ ಅವರ ಸೈಟಿನ ಕೇಸಿನ ಕಥೆ ಕೇಳಬೇಕು. ಮಧ್ಯೆ ಮಧ್ಯೆ "ಅಯ್ಯೋ, ಆಮೇಲೆ?" ಅನ್ನಬೇಕು.

ಈ ವರ್ಷ ನಾನು ಒಂಬತ್ತು ಸಲ "ಆಮೇಲೆ?" ಅಂದಿದ್ದೇನೆ.

ಆಟ ಗೊತ್ತಿಲ್ಲದವರಿಗೆ: ಪ್ರತಿಯೊಬ್ಬರಿಗೂ ಎರಡೆರಡು ಎಲೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ ಬೀಳುತ್ತವೆ. ಮೊದಲು ಮೂರು ಒಟ್ಟಿಗೆ, ಅದೇ ಫ್ಲಾಪ್. ಆಮೇಲೆ ಒಂದು, ಆಮೇಲೆ ಇನ್ನೊಂದು. ಈ ಐದರಲ್ಲಿ ಒಂದೂ ಕಾಣುವ ಮುಂಚೆಯೇ ಇದ್ದಬದ್ದ ಚಿಪ್ಸನ್ನೆಲ್ಲ ಮುಂದೆ ತಳ್ಳಿಬಿಡಬಹುದು. ಆಲ್-ಇನ್. ನನ್ನ ಮಾವನವರು, ಅಂದ್ರೆ ಹೆಂಡತಿಯ ಅಪ್ಪ, ಹಳೇ ರಮ್ಮಿ ಕುಳ. ಮದುವೆಯ ಹಿಂದಿನ ರಾತ್ರಿ ಛತ್ರದ ಮಹಡಿಯಲ್ಲಿ ಜಮಖಾನ ಹಾಸಿ ಬೆಳಗಿನ ತಿಂಡಿಯವರೆಗೆ ಆಡಿದವರು. ಕೆಟ್ಟ ಎಲೆ ಬಂದರೆ ಇಪ್ಪತ್ತು ಪಾಯಿಂಟಿಗೆ ಡ್ರಾಪ್ ಆಗು, ಎಂಬತ್ತು ತಿನ್ನಬೇಡ ಅನ್ನುವುದು ಅವರ ಸಿದ್ಧಾಂತ. ಅವರಿಗೆ ಈ ಆಲ್-ಇನ್ ವಿಷಯ ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಲ್ಲ ಅಳಿಯಂದಿರೇ, ಐದು ಎಲೆ ಬಾಕಿ ಇರೋವಾಗ್ಲೇ ಎಲ್ಲಾ ಹಾಕ್ತೀರಾ? ಹುಡುಗಿ ನೋಡೋಕೆ ಮುಂಚೆ ಛತ್ರ ಬುಕ್ ಮಾಡಿದ ಹಾಗಾಯ್ತಲ್ರೀ."

ಅವರು ಹೇಳಿದ್ದು ಅರ್ಧ ಸರಿ. ಉಳಿದರ್ಧ ನಿಮ್ಮ ಹತ್ತಿರ ಎಷ್ಟು ಚಿಪ್ಸಿದೆ ಅನ್ನುವುದರ ಮೇಲೆ. ಇದು ನನಗೆ ಅರ್ಥವಾಗುವ ಹೊತ್ತಿಗೆ ಮಾನ ಹೋಗಿತ್ತು.

ಮೊದಲ ಸಲ ಎಕ್ಕದ ಜೋಡಿ ಬಂದ ದಿನ ಹೇಳುತ್ತೇನೆ. ಆಟದಲ್ಲಿ ಅದಕ್ಕಿಂತ ಒಳ್ಳೆ ಆರಂಭವಿಲ್ಲ. ಸರಾಸರಿ 221 ಸಲ ಎಲೆ ಹಂಚಿದರೆ ಒಮ್ಮೆ ಬರುತ್ತೆ. ನನ್ನ ಹತ್ತಿರ 1,500 ಚಿಪ್ಸು, ಮಧ್ಯದಲ್ಲಿ ಬಿದ್ದಿದ್ದು 30. ಕೈ ನಡುಗಿತು, ಸೋಫಾದಿಂದ ಎದ್ದು ನಿಂತೆ, ಪೂರ್ತಿ 1,500 ತಳ್ಳಿದೆ. ಐದೂ ಜನ ತಣ್ಣಗೆ ಎಲೆ ಬಿಸಾಕಿದರು. ಸಂಪಾದನೆ ಮೂವತ್ತು. ಭಾವ ಚಾಟ್‌ನಲ್ಲಿ ಬರೆದರು: "ಎಕ್ಕದ ಜೋಡಿ ಇತ್ತಾ? ಎದ್ದು ನಿಂತ್ಯಾ?"

ಮುಂದಿನ ವಾರ ಎಕ್ಕ-ರಾಜ. ನೋಡೋಕೆ ಎಷ್ಟು ಚಂದ ಅಲ್ವಾ, ಒಳ್ಳೆ ಮನೆತನದ ಎಲೆಗಳು! ಮತ್ತೆ ಎಲ್ಲಾ ತಳ್ಳಿದೆ. ಚಿಕ್ಕಪ್ಪನ ಮಗಳು ಪುಟ್ಟಿ, ಹಾಸ್ಟೆಲ್‌ನಲ್ಲಿ ಮ್ಯಾಗಿ ತಿನ್ನುತ್ತಾ ಆಡುವವಳು, ಎರಡರ ಜೋಡಿ ಹಿಡಿದು "ಬಾ ಅಣ್ಣಾ" ಅಂದಳು. ಎರಡು! ಇಸ್ಪೀಟು ಕಟ್ಟಿನಲ್ಲೇ ಬಡವ. ಆದರೆ ಲೆಕ್ಕ ಹಾಕಿದರೆ ಬಡವನೇ ಒಂದು ಕೂದಲೆಳೆ ಮುಂದೆ, ನೂರಕ್ಕೆ ಐವತ್ತೆರಡು ಸಲದಷ್ಟು. ಯಾಕಂದ್ರೆ ಅವಳ ಜೋಡಿ ಆಗಲೇ ಆಗಿದೆ, ನನ್ನದು ಇನ್ನೂ ಆಗಬೇಕು. ಆಗಲಿಲ್ಲ. ಭಾನುವಾರ ದೊಡ್ಡಪ್ಪ.

ಅಲ್ಲಿಂದ ನಾನು ಸಂನ್ಯಾಸಿಯಾದೆ. ಒಳ್ಳೆ ಎಲೆ ಬರೋವರೆಗೂ ಕೈ ಹಾಕಲ್ಲ ಅಂತ ಶಪಥ. ಹತ್ತು ನಿಮಿಷಕ್ಕೊಮ್ಮೆ ಬ್ಲೈಂಡು ಏರುತ್ತೆ. ಬ್ಲೈಂಡು ಅಂದರೆ ಸರದಿ ಪ್ರಕಾರ ಇಬ್ಬರು ಎಲೆ ನೋಡುವ ಮುಂಚೆಯೇ ಹಾಕಲೇಬೇಕಾದ ಚಿಪ್ಸು. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಇದ್ದ ಹಾಗೆ, ಊರಿಗೆ ಹೋಗಿ ಬೀಗ ಹಾಕಿದ್ದರೂ ಕೊಡಲೇಬೇಕು. ಮೊನ್ನೆ ಶುಕ್ರವಾರ ಬ್ಲೈಂಡು 50-100ಕ್ಕೆ ಏರಿದಾಗ ನನ್ನ ಹತ್ತಿರ 800 ಇತ್ತು. ದೊಡ್ಡ ಬ್ಲೈಂಡಿನ ಎಂಟು ಪಟ್ಟು ಮಾತ್ರ. "ಈಗ ಹಾಕಬೇಕು ಕಣೋ," ಅಂತ ಭಾವ ಕರೆ ಮಾಡಿಯೇ ಹೇಳಿದರು. "ನಿನ್ನ ಮುಂದೆ ಯಾರೂ ಹಾಕಿಲ್ಲ, ನಿನ್ನ ಹಿಂದೆ ಇಬ್ಬರೋ ಮೂವರೋ ಇದ್ದಾರೆ ಅಂದ್ರೆ ಸುಮಾರಾದ ಎಲೆ ಇದ್ರೂ ತಳ್ಳು. ಅವರು ಬಿಟ್ರೆ 150 ಸುಮ್ನೆ ಬರುತ್ತೆ, ನಿನ್ನ ಗಂಟಿನ ಐದರಲ್ಲೊಂದು ಪಾಲು ಹತ್ತಿರ." ಎಕ್ಕದ ಜೋಡಿಯ ದಿನ ಬ್ಲೈಂಡು 10-20, ನನ್ನ 1,500 ದೊಡ್ಡ ಬ್ಲೈಂಡಿನ 75 ಪಟ್ಟು. ಅಂದರೆ 75 ಬ್ಲೈಂಡ್ ಇದ್ದಾಗ ನಾನು ತೋರಿಸಿದ ಧೈರ್ಯ ಎಂಟು ಬ್ಲೈಂಡಿಗೆ ಬೇಕಿತ್ತು.

ನಾನು ಕೇಳಲಿಲ್ಲ. ಮೆಜೆಸ್ಟಿಕ್‌ನಲ್ಲಿ ಸೀಟಿರೋ ಬಸ್ಸೇ ಬರಲಿ ಅಂತ ಬಂದ ಬಸ್ಸನ್ನೆಲ್ಲ ಬಿಟ್ಟು ಬಿಟ್ಟು, ಕೊನೆಗೆ ಲಾಸ್ಟ್ ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದೇ ಕಾಲಲ್ಲಿ ನೇತಾಡಿಕೊಂಡು ಮನೆ ಸೇರುವ ಜಾತಿ ನನ್ನದು. ಎಕ್ಕದ ಜೋಡಿಗೇ ಕಾಯೋದಾದ್ರೆ, ಆರು ಜನರ ಟೇಬಲ್ಲಿನಲ್ಲಿ 221 ಸಲ ಹಂಚಬೇಕಂದ್ರೆ 37 ಸುತ್ತು. ಸುತ್ತಿಗೆ 150 ಖರ್ಚು. 800ಕ್ಕೆ ಐದು ಸುತ್ತು ಬಂದರೆ ಪುಣ್ಯ. ಈ ಲೆಕ್ಕ ಇವತ್ತು ಬರೆಯುತ್ತಾ ಹಾಕಿದ್ದು, ಅವತ್ತಲ್ಲ. ಮೂರು ಸುತ್ತು ಕಳೆದು 350 ಉಳಿಯಿತು. ಪುಟ್ಟಿ ಕೇಳಿದಳು, "ಅಣ್ಣಾ, ಮಲಗಿಬಿಟ್ಯಾ?"

ಅಷ್ಟರಲ್ಲಿ ಒಳಗಿಂದ ದನಿ: "ರೀ, ಹಾಲಿಟ್ಟಿದೀನಿ, ಉಕ್ಕೋಕೆ ಬಿಡ್ಬೇಡಿ. ನಾನು ಬಟ್ಟೆ ತರೋಕೆ ಮೇಲೆ ಹೋಗ್ತಿದೀನಿ."

ಫೋನು ಹಿಡಿದು ಒಲೆ ಮುಂದೆ ನಿಂತೆ. ಹಾಲಿನ ಸ್ವಭಾವ ನಿಮಗೇ ಗೊತ್ತು, ನೋಡ್ತಾ ಇರೋ ತನಕ ಅದು ಅಲ್ಲಾಡಲ್ಲ. ಕೆನೆ ಅಂಚಿನಲ್ಲಿ ಒಂದೆರಡು ಗುಳ್ಳೆ, ಅಷ್ಟೇ. ಫೋನು ನೋಡಿದೆ. ರಾಜ, ಪಕ್ಕದಲ್ಲಿ ಇನ್ನೊಬ್ಬ ರಾಜ. ಇಷ್ಟೂ ಹೊತ್ತು ಕಾದಿದ್ದು ಇದಕ್ಕೇ! ಹದಿನೈದು ಸೆಕೆಂಡಿನ ಹಸಿರು ಬಳೆ ಸುತ್ತ ಕರಗುತ್ತಿದೆ. ಹೆಬ್ಬೆಟ್ಟು ಬಟನ್ ಮೇಲೆ ಹೋಗೋದಕ್ಕೂ ಪಾತ್ರೆಯಲ್ಲಿ "ಸೊಂಯ್" ಅನ್ನೋದಕ್ಕೂ ಸರಿಹೋಯಿತು. ಒಂದು ಕೈ ಗ್ಯಾಸಿನ ನಾಬಿಗೆ ಹೋಯಿತು, ಗಾಬರಿಯಲ್ಲಿ ಉಲ್ಟಾ ತಿರುಗಿಸಿ ಉರಿ ಜಾಸ್ತಿ ಮಾಡಿದೆ, ಫೋನು ಹಿಡಿದ ಕೈಯಿಂದಲೇ ಪಾತ್ರೆ ಎತ್ತಲು ಹೋಗಿ ಪರದೆ ಪೂರ್ತಿ ಹಾಲು. ಒರೆಸಿದೆ. ಬನಿಯನ್ನಿಗೇ ಒರೆಸಿದೆ. ಒದ್ದೆ ಪರದೆ ಹೆಬ್ಬೆಟ್ಟನ್ನು ಗುರುತೇ ಹಿಡಿಯಲಿಲ್ಲ. ಟೈಮ್ ಮುಗಿಯಿತು. ನನ್ನ ಇಬ್ಬರು ರಾಜರನ್ನು ಆ್ಯಪ್ ತಾನೇ ಬಿಸಾಕಿತು.

ಮುಂದಿನ ಕೈಗೆ ಗುಲಾಮ ಮತ್ತು ನಾಲ್ಕು. ಎಲೆಯನ್ನು ಸರಿಯಾಗಿ ನೋಡಲೂ ಇಲ್ಲ, ಸಿಟ್ಟಿನಲ್ಲಿ 350 ತಳ್ಳಿದೆ. ಪುಟ್ಟಿಯ ಹತ್ತಿರ ಒಂಬತ್ತರ ಜೋಡಿ.

ಬಟ್ಟೆ ಹೊತ್ತು ಕೆಳಗೆ ಬಂದ ಹೆಂಡತಿ ಮೊದಲು ಒಲೆ ನೋಡಿದಳು, ಆಮೇಲೆ ಬನಿಯನ್ನು, ಆಮೇಲೆ ಫೋನು. ಏನೂ ಅನ್ನಲಿಲ್ಲ. ಒರೆಸುವ ಬಟ್ಟೆ ತಂದು ಕೈಗೆ ಕೊಟ್ಟಳು.

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

"ದೊಡ್ಡಪ್ಪ, ಸುಮ್ನೆ ಮಾಡಿದೆ, ಹೇಗಿದೀರಾ ಅಂತ..."

"ಸೋತ್ಯೇನೋ ಮತ್ತೆ? ಪುಟ್ಟಿ ಹೇಳಿದ್ಳು. ಕೂತ್ಕೋ. ಹೋದ ಸಲ ಸರ್ವೇಯರ್ ಬಂದು ಸರಪಳಿ ಬಿಚ್ಚೋ ತನಕ ಆಗಿತ್ತು."