ಸವಳು ಹೊಲದ ಕಡಲೆ: ಹಸಿರು ನೋಡಬೇಡಿ, ಕಾಯಿ ಎಣಿಸಿ

ಕಡಲೆ ಬೀಜ ಕೊಳ್ಳುವಾಗ ನಾವೆಲ್ಲ ಕೇಳೋದು ಒಂದೇ ಮಾತು: ಎಕರೆಗೆ ಎಷ್ಟು ಚೀಲ ಬರುತ್ತೆ? ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಸವಳು (ಉಪ್ಪು ಸೇರಿದ) ಹೊಲದವರು ಇನ್ನೊಂದು ಮಾತನ್ನೂ ಕೇಳಲೇಬೇಕು. ಈ ತಳಿ ಉಪ್ಪು ತಡೆಯುತ್ತಾ?

ಕಡಲೆಗೂ ಉಪ್ಪಿಗೂ ಆಗಿಬರಲ್ಲ, ನಿಜ. ಆದರೆ ಎಲ್ಲ ಕಡಲೆಯೂ ಒಂದೇ ಥರ ಸೋಲಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು 263 ಬಗೆಯ ಕಡಲೆಯನ್ನು ಉಪ್ಪು ಬೆರೆತ ಮಣ್ಣಿನಲ್ಲಿ ಬೆಳೆಸಿ ನೋಡಿದರು. 2007ರಲ್ಲಿ ಬಂದ ಆ ವರದಿ ಪ್ರಕಾರ ಕಾಳಿನ ಇಳುವರಿಯಲ್ಲಿ ಸುಮಾರು ಆರು ಪಟ್ಟು ವ್ಯತ್ಯಾಸ! ಅದಕ್ಕಿಂತ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಕಾರಣ. ಹೂವಿಗೆ ಮೊದಲು ಸೊಂಪಾಗಿ ಬೆಳೆದ ಗಿಡವೇ ಕೊನೆಗೆ ಹೆಚ್ಚು ಕಾಳು ಕೊಡುತ್ತೆ ಅನ್ನುವಂತಿರಲಿಲ್ಲ. ಗಿಡದೊಳಗೆ ಸೋಡಿಯಂ ಕಡಿಮೆ ಸೇರಿದ್ದೂ ಕಾರಣವಲ್ಲ. ಉಪ್ಪಿನಲ್ಲೂ ಹೆಚ್ಚು ಕಾಯಿ, ಹೆಚ್ಚು ಕಾಳು ಕಟ್ಟಿದ ತಳಿಗಳೇ ಗೆದ್ದವು.

ಹಾಗಾಗಿ ಹೂ ಬಿಡುವ ಮುಂಚೆ ಬದುವಿನ ಮೇಲೆ ನಿಂತು 'ಪೈರು ಚೆನ್ನಾಗಿದೆ' ಅಂತ ತಳಿಗೆ ಸರ್ಟಿಫಿಕೇಟ್ ಕೊಡೋದು ತಪ್ಪು. ಕಾಯಿ ಬಲಿತ ಮೇಲೆ ಸವಳು ಜಾಗದ ನಾಲ್ಕು ಗಿಡ ಕಿತ್ತು ಎಣಿಸಿ. ಒಂದೆರಡು ಕಾಯಿ ಸುಲಿದೂ ನೋಡಿ, ಒಳಗೆ ಜೊಳ್ಳಿರಬಹುದು.

ನಮ್ಮ ಎರೆ ಸೀಮೆಯಲ್ಲಿ ಬಿತ್ತುವ ಜೆಜಿ-11 ಉಪ್ಪಿಗೆ ತಕ್ಕಮಟ್ಟಿಗೆ ಜಗ್ಗದ ದೇಸಿ (ಸಣ್ಣ ಕಂದು ಕಾಳಿನ) ತಳಿ. ಬೇಗ ಕೊಯ್ಲಿಗೆ ಬರುವ ಐಸಿಸಿವಿ-2 ಕಾಬೂಲಿ (ಬಿಳಿ ಕಡಲೆ) ತಳಿ ಉಪ್ಪಿಗೆ ಬೇಗ ಸೋಲುತ್ತೆ. ಉಪ್ಪು ಹೊಡೆದರೆ ಕಾಬೂಲಿ ಗಿಡ ಹಳದಿಯಾಗುತ್ತೆ, ದೇಸಿ ಗಿಡದ ಎಲೆ-ಕಾಂಡಕ್ಕೆ ನೇರಳೆಗೆಂಪು ಬಣ್ಣ ಬರುತ್ತೆ. ಉತ್ತರದ ಸವಳು ಭೂಮಿಗೆಂದೇ ಹರಿಯಾಣದ ಕರ್ನಾಲ್‌ನ ಸವಳು ಮಣ್ಣು ಸಂಶೋಧನಾ ಸಂಸ್ಥೆ ಕರ್ನಾಲ್ ಚನಾ-1 ತಳಿ ಕೊಟ್ಟಿದೆ. ಅದು ಮಣ್ಣಿನ ಇಸಿ (ವಿದ್ಯುತ್ ವಾಹಕತೆ, ಅಂದರೆ ಉಪ್ಪಿನ ಅಳತೆ) ಮೀಟರಿಗೆ 6 ಡೆಸಿಸೀಮೆನ್ಸ್‌ವರೆಗೆ ತಡೆಯುತ್ತೆ. ಇಸಿ 4 ದಾಟಿದರೇ ಸವಳು ಅಂತ ಲೆಕ್ಕ, ಹಾಗಾಗಿ ಇದು ಸಣ್ಣ ಮಾತಲ್ಲ.

ಹಾಗಂತ ತಳಿಯೊಂದೇ ಸಾಕು ಅಂತಲ್ಲ. ಬಸಿಗಾಲುವೆ ಇಲ್ಲದೆ ನೀರು ನಿಂತ ಹೊಲದಲ್ಲಿ ಯಾವ ತಳಿಯೂ ಉಳಿಯಲ್ಲ, ಗಾಳಿಯ ಸಾರಜನಕ ಹಿಡಿದುಕೊಡುವ ಬೇರಿನ ಗಂಟೂ ಸರಿಯಾಗಿ ಕಟ್ಟಲ್ಲ. ಮಣ್ಣು ಪರೀಕ್ಷೆಗೆ ಕೊಡುವಾಗ ಬಿಳಿ ಉಪ್ಪು ಎದ್ದ ಜಾಗದ ಮಣ್ಣನ್ನು ಬೇರೆ ಚೀಲದಲ್ಲೇ ಕೊಡಿ. ಇಡೀ ಹೊಲದ್ದನ್ನು ಸುಮ್ನೆ ಬೆರೆಸಿದರೆ ಉಪ್ಪಿನ ತೊಂದರೆ ಕಾಣೋದೇ ಇಲ್ಲ.

ಕೆಲವು ಬೀಜದ ಚೀಲದ ಮೇಲೆ ಅವಧಿ ಎಷ್ಟು ದಿನ, ಯಾವ ರೋಗ ತಡೆಯುತ್ತೆ ಅಂತ ಬರೆಯುತ್ತಾರೆ. ಎಷ್ಟು ಇಸಿವರೆಗೆ ಕಾಳು ಕಟ್ಟುತ್ತೆ ಅಂತಲೂ ಒಂದು ಸಾಲು ಬರೆಯಲಿ. ಈ ಹಿಂಗಾರಿಗೆ ಬೀಜ ತರುವಾಗ ನೀವೂ ಕೇಳಿ.